ಬಹುಮಾನ ಬಂದ ವರ್ಷ

ಮಾವಿನ ಮರಕ್ಕೆ ಫಲವರ್ಷ ಎಂಬುದೊಂದುಂಟು. ಅದೇ ನೆಲ, ಅದೇ ನೀರು, ಅದೇ ಬಿಸಿಲು. ಆದರೂ ಒಂದು ವರ್ಷ ಎಲೆ ಕಾಣದಷ್ಟು ಕಾಯಿ ಹಿಡಿಯುತ್ತದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ ಆ ವರ್ಷವನ್ನು ಕೊಂಡಾಡುತ್ತಾರೆ. ಬೇರು ಎಷ್ಟು ಕಾಲದಿಂದ ಕತ್ತಲೆಯಲ್ಲಿ ಕೆಲಸ ಮಾಡುತ್ತಿತ್ತು ಎಂದು ಕೇಳುವವರು ಕಡಮೆ. ಲೇಖಕರ ಬದುಕಿನಲ್ಲಿಯೂ ಇಂಥ ವರ್ಷಗಳು ಬರುತ್ತವೆ. ಅಂಥ ಒಂದು ವರ್ಷದ ವಿಚಾರವನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ. ಲೇಖಕಿ ಅಮೆರಿಕದ ಅರ್ಸುಲಾ ಕೆ. ಲ ಗ್ವಿನ್. ಕಾಲ 1974ರ ಮೇ ತಿಂಗಳಿನಿಂದ 1975ರ ಆಗಸ್ಟ್‌ವರೆಗೆ. ಪಂಚಾಂಗದ ಲೆಕ್ಕಕ್ಕೆ ಇದು ಒಂದು ವರ್ಷವನ್ನು ಮೀರುತ್ತದೆ. ಒಂದೆರಡು ಅಧಿಕಮಾಸಗಳು ಕೂಡಿಕೊಂಡ ಸಾಹಿತ್ಯವರ್ಷ ಎಂದು ಭಾವಿಸಿಕೊಂಡರೆ ಬಾಧಕವಿಲ್ಲ.

ಈ ಅವಧಿಯಲ್ಲಿ ಅವರ ಒಂದು ಮಹತ್ವದ ಕಾದಂಬರಿ ಪ್ರಕಟವಾಯಿತು. ಹಲವು ಕತೆಗಳೂ ಉಪನ್ಯಾಸಗಳೂ ಹೊರಬಂದವು. ಅವರ ಕ್ಷೇತ್ರದಲ್ಲಿ ಇದ್ದ ದೊಡ್ಡ ಬಹುಮಾನಗಳೆಲ್ಲ ಸಾಲುಗಟ್ಟಿ ಬಂದವು. ಇಷ್ಟೇ ಆಗಿದ್ದರೆ ಅದೊಂದು ಪಟ್ಟಿಯಾಗುತ್ತಿತ್ತು, ಭಾಷಣವಾಗುತ್ತಿರಲಿಲ್ಲ. ನನ್ನ ಕುತೂಹಲವನ್ನು ಕೆರಳಿಸಿದ ಸಂಗತಿ ಬೇರೆ. ಬಹುಮಾನ ಪಡೆದ ಆ ಕಾದಂಬರಿಯ ಒಳಗೇ ಒಂದು ಬಹುಮಾನವಿದೆ. ಅದನ್ನು ಪಡೆಯಹೋದ ನಾಯಕನಿದ್ದಾನೆ. ಪಡೆದ ಮೇಲೆ ಅವನಿಗೆ ಆದದ್ದೇನು ಎಂಬುದೇ ಕಥೆಯ ಒಂದು ಎಳೆ. ಬಹುಮಾನವನ್ನು ಪ್ರಶ್ನಿಸುವ ಪುಸ್ತಕಕ್ಕೇ ಬಹುಮಾನ ಬಂದಾಗ ಲೇಖಕಿ ಏನು ಮಾಡಬೇಕು? ಓದುಗರಾದ ನಾವು ಅದನ್ನು ಹೇಗೆ ತಿಳಿಯಬೇಕು? ಇದೇ ಇಂದಿನ ಮಾತಿನ ತಿರುಳು.

ಮೊದಲಿಗೆ ನನ್ನದೊಂದು ತಪ್ಪೊಪ್ಪಿಗೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನು ನಾನು. ಪಂಪ, ರನ್ನ, ಹರಿಹರರಿಂದ ಹಿಡಿದು ನವ್ಯದವರೆಗೆ ನನ್ನ ಓಡಾಟ. ವಿಜ್ಞಾನ ಕತೆ, ಅದ್ಭುತ ಕತೆ, ಊಹಾಲೋಕದ ಕತೆ ಎಂದು ಹೇಳುವ ಬರವಣಿಗೆಯೆಲ್ಲ ರೈಲು ಪ್ರಯಾಣದಲ್ಲಿ ಓದಿ ಸೀಟಿನ ಮೇಲೆ ಬಿಟ್ಟುಬರುವ ಸರಕು ಎಂದೇ ನನ್ನ ಎಣಿಕೆಯಾಗಿತ್ತು. ಒಮ್ಮೆ ಎಂ.ಎ. ತರಗತಿಯ ವಿದ್ಯಾರ್ಥಿಯೊಬ್ಬ ತನ್ನ ಕಿರುಪ್ರಬಂಧಕ್ಕೆ ವಿಜ್ಞಾನ ಕತೆಗಳನ್ನು ಆರಿಸಿಕೊಳ್ಳಬಹುದೇ ಎಂದು ಕೇಳಿದ. ‘ಮೊದಲು ಸಾಹಿತ್ಯ ಓದು, ಆಟವನ್ನು ಆಮೇಲೆ ಆಡಬಹುದು’ ಎಂದು ನಗುತ್ತಲೇ ಹೇಳಿ ಕಳುಹಿಸಿದೆ. ಅವನು ನಾನು ಸೂಚಿಸಿದ ವಿಷಯವನ್ನೇ ತೆಗೆದುಕೊಂಡ, ಒಳ್ಳೆಯ ಅಂಕಗಳನ್ನೂ ಪಡೆದ. ನಿವೃತ್ತನಾದ ಮೇಲೆ, ಬೇಕಾದುದನ್ನು ಓದುವ ಬಿಡುವು ದೊರೆತಾಗ, ಲ ಗ್ವಿನ್ ಅವರ ಕಾದಂಬರಿ ಕೈಗೆ ಬಂತು. ಅರ್ಧ ಓದುವಷ್ಟರಲ್ಲಿ ಪುಸ್ತಕವನ್ನು ಮಡಿಸಿಟ್ಟು ಆ ಹುಡುಗನ ಮುಖವನ್ನು ನೆನಪಿಸಿಕೊಂಡೆ.

ಲ ಗ್ವಿನ್ ಹುಟ್ಟಿದ್ದು 1929ರ ಅಕ್ಟೋಬರ್ 21ರಂದು, ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ. ತಂದೆ ಆಲ್‌ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞ. ತಾಯಿ ಥಿಯೊಡೋರಾ ಕ್ರೋಬರ್ ಲೇಖಕಿ. ಯಾಹಿ ಎಂಬ ಮೂಲನಿವಾಸಿ ಜನಾಂಗದಲ್ಲಿ ಉಳಿದಿದ್ದ ಕೊನೆಯ ವ್ಯಕ್ತಿ 1911ರಲ್ಲಿ ಕಾಡಿನಿಂದ ಹೊರಬಂದು ಬಿಳಿಯರ ಊರನ್ನು ಸೇರಿದ. ಅವನನ್ನು ಜನ ಇಶಿ ಎಂದು ಕರೆದರು. ಅವನ ಭಾಷೆಯನ್ನೂ ನಡೆನುಡಿಯನ್ನೂ ತಿಳಿಯಲು ಶ್ರಮಿಸಿದವರಲ್ಲಿ ಕ್ರೋಬರ್ ಒಬ್ಬರು. ಅವನ ಬಾಳನ್ನು 1961ರಲ್ಲಿ ಪುಸ್ತಕವಾಗಿಸಿದವರು ಥಿಯೊಡೋರಾ. ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ಏಕಾಕಿಯಾಗಿ ಕಾಲಿಟ್ಟ ಮನುಷ್ಯ: ಮಗಳ ಕಾದಂಬರಿಗಳಲ್ಲಿ ಈ ಚಿತ್ರ ಮತ್ತೆ ಮತ್ತೆ ಬರುತ್ತದೆ. ಅವರ ಅನ್ಯಗ್ರಹಗಳು ಯಂತ್ರಗಳಿಂದ ತುಂಬಿದವಲ್ಲ. ಬಂಧುತ್ವ, ಊಟ, ಭಾಷೆ, ನಾಚಿಕೆ, ಆಣೆ, ಅತಿಥಿಸತ್ಕಾರಗಳಿಂದ ತುಂಬಿದವು. ಮಾನವಶಾಸ್ತ್ರಜ್ಞನ ಮನೆಯ ಮಗಳಿಗೆ ಬೇರೆ ಲೋಕವೆಂದರೆ ಬೇರೆ ಜನ.

ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದ್ದು 1952ರಲ್ಲಿ. ಮುಂದಿನ ವರ್ಷ ಫ್ರಾನ್ಸಿನಲ್ಲಿ ಇತಿಹಾಸಜ್ಞ ಚಾರ್ಲ್ಸ್ ಲ ಗ್ವಿನ್ ಅವರನ್ನು ಮದುವೆಯಾದರು. ಅನಂತರ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ನೆಲೆನಿಂತು ಮೂವರು ಮಕ್ಕಳನ್ನು ಬೆಳೆಸುತ್ತ ಬರೆದರು. ಮೊದಲ ಕಾದಂಬರಿ ಹೊರಬಂದದ್ದು 1966ರಲ್ಲಿ, ಮೂವತ್ತಾರು ಮೂವತ್ತೇಳರ ವಯಸ್ಸಿನಲ್ಲಿ. 1968ರಲ್ಲಿ ಮಕ್ಕಳಿಗಾಗಿ ‘ಎ ವಿಝರ್ಡ್ ಆಫ್ ಅರ್ತ್‌ಸೀ’. 1969ರಲ್ಲಿ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’. ಈ ಎರಡನೆಯದು, ಹೆಣ್ಣು ಗಂಡೆಂಬ ಸ್ಥಿರ ಭೇದವಿಲ್ಲದ ಜನರ ಕಥೆ, ಅಗ್ಗದ ತೆಳುರಟ್ಟಿನ ಪ್ರತಿಯಾಗಿ ಮೊದಲು ಬೆಳಕು ಕಂಡಿತು. 1970ರಲ್ಲಿ ಹ್ಯೂಗೋ, ನೆಬ್ಯುಲಾ ಎಂಬ ಎರಡೂ ಬಹುಮಾನಗಳನ್ನು ತಂದುಕೊಟ್ಟಿತು. ಅಂದಿನ ವಾತಾವರಣವನ್ನು ತಿಳಿಯಲು ಒಂದು ಸಣ್ಣ ಸಂಗತಿ ಸಾಕು. ಅದೇ ಸುಮಾರಿಗೆ ಅವರ ಕತೆಯೊಂದನ್ನು ‘ಪ್ಲೇಬಾಯ್’ ಪತ್ರಿಕೆ ಸ್ವೀಕರಿಸಿತು. ಆದರೆ ಲೇಖಕಿಯ ಹೆಸರು ಹೆಣ್ಣಿನದೆಂದು ತಿಳಿಯದಿರಲೆಂದು ಬರಿಯ ‘ಯು. ಕೆ. ಲ ಗ್ವಿನ್’ ಎಂದು ಅಚ್ಚುಮಾಡಲು ಅನುಮತಿ ಕೇಳಿತು. ಅವರು ಒಪ್ಪಿದರು, ಮುಂದೆ ಕತೆಯನ್ನು ಸಂಕಲನಕ್ಕೆ ಸೇರಿಸುವಾಗ ಆ ವಿಷಯವನ್ನು ಮುಚ್ಚಿಡದೆ ಬರೆದರು.

ಇನ್ನು ಬಹುಮಾನಗಳ ಸ್ವರೂಪವನ್ನು ತುಸು ವಿವರಿಸಬೇಕು. ಯಾಕೆಂದರೆ ಯಾರು ಕೊಡುತ್ತಾರೆ ಎಂಬುದನ್ನು ಬಿಟ್ಟು ಏನು ಬಂತು ಎಂಬುದಕ್ಕೆ ಅರ್ಥವಿಲ್ಲ. ಹ್ಯೂಗೋ ಬಹುಮಾನಕ್ಕೆ ಆ ಹೆಸರು ಬಂದದ್ದು 1926ರಲ್ಲಿ ‘ಅಮೇಝಿಂಗ್ ಸ್ಟೋರೀಸ್’ ಪತ್ರಿಕೆಯನ್ನು ಆರಂಭಿಸಿದ ಹ್ಯೂಗೋ ಗರ್ನ್ಸ್‌ಬ್ಯಾಕ್‌ರಿಂದ. 1953ರಲ್ಲಿ ಮೊದಲಾದ ಇದನ್ನು ವಿಶ್ವ ವಿಜ್ಞಾನಕಥಾ ಸಮ್ಮೇಳನದ ಸದಸ್ಯರು, ಎಂದರೆ ಚಂದಾ ಕಟ್ಟಿ ಬಂದ ಅಭಿಮಾನಿ ಓದುಗರು, ಮತ ಹಾಕಿ ನಿರ್ಧರಿಸುತ್ತಾರೆ. ಅದರ ಚಿಹ್ನೆ ಒಂದು ರಾಕೆಟ್. ನೆಬ್ಯುಲಾ ಬಹುಮಾನ ಕೊಡುವವರು ಲೇಖಕರು. 1965ರಲ್ಲಿ ಸ್ಥಾಪಿತವಾದ ಅಮೆರಿಕದ ವಿಜ್ಞಾನಕಥಾ ಲೇಖಕರ ಸಂಘದ ಸದಸ್ಯರು ತಮ್ಮ ಸಹೋದ್ಯೋಗಿಗಳ ಕೃತಿಗಳಿಗೆ ಮತ ಹಾಕುತ್ತಾರೆ. ಮೂರನೆಯದಾದ ಲೋಕಸ್ ಬಹುಮಾನವನ್ನು ಆ ಹೆಸರಿನ ಪತ್ರಿಕೆಯ ಓದುಗರು 1971ರಿಂದ ಆರಿಸುತ್ತ ಬಂದಿದ್ದಾರೆ. ನಮ್ಮ ಕಡೆ ಬಹುಮಾನವೆಂದರೆ ಮೂರೋ ಐದೋ ಮಂದಿ ಪಂಡಿತರು ಬಾಗಿಲು ಹಾಕಿಕೊಂಡು ಕುಳಿತು ತೀರ್ಮಾನಿಸುವ ವಿಷಯ. ಅಲ್ಲಿ ಹಾಗಲ್ಲ, ನೂರಾರು ಜನರ ಸಭೆಗಳು ಬೇರೆಬೇರೆಯಾಗಿ ತೂಗಿ ಹೇಳುತ್ತವೆ. ಆಯಾ ಸಭೆಗೆ ಆಯಾ ರುಚಿ. ಎಣಿಕೆಯಲ್ಲಿ ಒಂದು ತೊಡಕೂ ಉಂಟು. 1974ರ ನೆಬ್ಯುಲಾ ಎಂದರೆ 1974ರಲ್ಲಿ ಪ್ರಕಟವಾದ ಕೃತಿಗೆ 1975ರಲ್ಲಿ ಕೊಟ್ಟದ್ದು. 1975ರ ಹ್ಯೂಗೋ ಎಂದರೆ ಆ ವರ್ಷದ ಸಮ್ಮೇಳನದಲ್ಲಿ ಕೊಟ್ಟದ್ದು. ಒಂದೇ ಪುಸ್ತಕಕ್ಕೆ ಎರಡು ಇಸವಿಗಳು ಅಂಟಿಕೊಂಡಿರುವುದನ್ನು ಕಂಡರೆ ಗಾಬರಿಯಾಗಬೇಕಿಲ್ಲ.

ಈಗ ಆ ಕಾದಂಬರಿಗೆ ಬರೋಣ. ‘ದಿ ಡಿಸ್‌ಪೊಸೆಸ್ಡ್’ 1974ರ ಮೇ ತಿಂಗಳಲ್ಲಿ ಹಾರ್ಪರ್ ಅಂಡ್ ರೋ ಪ್ರಕಾಶನದಿಂದ ಗಟ್ಟಿರಟ್ಟಿನ ಪುಸ್ತಕವಾಗಿ ಬಂತು. ಹೆಸರನ್ನು ಕನ್ನಡಕ್ಕೆ ತರುವುದು ಸುಲಭವಲ್ಲ. ಇದ್ದುದನ್ನು ಕಳೆದುಕೊಂಡವರು ಎಂದೂ ಆಗುತ್ತದೆ, ಇರಬೇಕೆಂಬ ಆಸೆಯನ್ನೇ ಕಳೆದುಕೊಂಡವರು ಎಂದೂ ಆಗುತ್ತದೆ. ದರಿದ್ರರು ಮತ್ತು ಅಪರಿಗ್ರಹಿಗಳು, ಈ ಎರಡು ಮಾತುಗಳ ನಡುವೆ ಇಡೀ ಕಾದಂಬರಿ ತೂಗಾಡುತ್ತದೆ. ಉರ್ರಾಸ್ ಎಂಬುದು ಸಮೃದ್ಧವಾದ ಲೋಕ. ಕಾಡು, ನದಿ, ಅರಮನೆ, ವಿಶ್ವವಿದ್ಯಾಲಯಗಳೂ ಇವೆ, ಒಡೆಯರೂ ಬಡವರೂ ಇದ್ದಾರೆ. ಅದರ ಚಂದ್ರನಂತಿರುವ ಅನಾರೆಸ್ ಒಣ ನೆಲ, ಧೂಳಿನ ನೆಲ. ಓಡೋ ಎಂಬ ಮಹಿಳೆಯ ವಿಚಾರಗಳನ್ನು ನಂಬಿದ ಜನ ನೂರೈವತ್ತು ವರ್ಷಕ್ಕೂ ಹಿಂದೆ ಉರ್ರಾಸನ್ನು ತೊರೆದು ಅಲ್ಲಿಗೆ ಹೋಗಿ, ಸರಕಾರವಿಲ್ಲದ, ಸೆರೆಮನೆಯಿಲ್ಲದ, ಸ್ವಂತ ಆಸ್ತಿಯಿಲ್ಲದ ಸಮಾಜವನ್ನು ಕಟ್ಟಿಕೊಂಡಿದ್ದಾರೆ. ಅವರ ಭಾಷೆಯೂ ಹೊಸದಾಗಿ ರೂಪಿಸಿದ್ದು. ‘ನನ್ನದು’ ಎನ್ನುವುದಕ್ಕಿಂತ ‘ನಾನು ಬಳಸುವುದು’ ಎನ್ನುವುದು ಆ ಭಾಷೆಗೆ ಸಹಜ. ಮಗು ತನ್ನ ತಾಯಿಯನ್ನೂ ‘ನನ್ನ ತಾಯಿ’ ಎನ್ನದೆ ‘ತಾಯಿ’ ಎನ್ನುತ್ತದೆ. ಷಷ್ಠೀ ವಿಭಕ್ತಿಯನ್ನು ಸಡಿಲಿಸಿದರೆ ಮನುಷ್ಯನ ಲೋಭವೂ ಸಡಿಲವಾದೀತೇ? ವ್ಯಾಕರಣ ಪಾಠ ಹೇಳಿದವನಿಗೆ ಇದು ಸುಮ್ಮನೆ ಬಿಟ್ಟುಹೋಗುವ ಪ್ರಶ್ನೆಯಲ್ಲ.

ಇಂಥ ನಾಡಿನ ಭೌತವಿಜ್ಞಾನಿ ಶೆವೆಕ್ ಕಾಲದ ಸ್ವರೂಪವನ್ನು ಕುರಿತು ಹೊಸ ಸಿದ್ಧಾಂತವನ್ನು ಹುಡುಕುತ್ತಿದ್ದಾನೆ. ಆಸ್ತಿಯಿಲ್ಲದ ಸಮಾಜದಲ್ಲಿ ವಿದ್ಯೆಗೂ ಒಡೆತನವಿರಬಾರದಷ್ಟೆ. ಆದರೆ ಅಲ್ಲಿನ ವಿದ್ಯಾಸಂಸ್ಥೆಯಲ್ಲಿ ಸಬೂಲ್ ಎಂಬ ಹಿರಿಯನಿದ್ದಾನೆ. ಪುಸ್ತಕ ಅಚ್ಚಾಗಬೇಕಾದರೆ ಅವನ ಒಪ್ಪಿಗೆ ಬೇಕು. ಒಪ್ಪಿಗೆ ಬೇಕಾದರೆ ಶೆವೆಕ್‌ನ ಹೆಸರಿನ ಜೊತೆಗೆ ಅವನ ಹೆಸರೂ ಇರಬೇಕು. ಕಾನೂನಿಲ್ಲ, ಪೊಲೀಸರಿಲ್ಲ, ಆದರೂ ಗೋಡೆಯಿದೆ. ಕಾದಂಬರಿ ಮೊದಲಾಗುವುದೇ ಒಂದು ಗೋಡೆಯ ವರ್ಣನೆಯಿಂದ: ಅನಾರೆಸಿನ ಬಂದರಿನ ಸುತ್ತ ಇರುವ, ದಾಟಲು ಕಷ್ಟವೇನೂ ಇಲ್ಲದ ಸಾಮಾನ್ಯ ಗೋಡೆ. ಅದು ಯಾರನ್ನು ಒಳಗಿಟ್ಟಿದೆ, ಯಾರನ್ನು ಹೊರಗಿಟ್ಟಿದೆ ಎಂಬುದು ನೀವು ನಿಂತ ಕಡೆಯನ್ನು ಅವಲಂಬಿಸುತ್ತದೆ. ಸಬೂಲನ ಪ್ರಕರಣವನ್ನು ಓದುವಾಗ ನನಗೆ ಮುಜುಗರವಾಯಿತು. ವಿದ್ಯಾರ್ಥಿಯ ಶ್ರಮಕ್ಕೆ ತನ್ನ ಹೆಸರನ್ನು ಸೇರಿಸುವ ಗುರುಗಳನ್ನು ನಾನು ಕಂಡಿದ್ದೇನೆ. ನಾನು ಹಾಗೆ ಮಾಡಲಿಲ್ಲ ಎಂದು ಒಂದು ಕ್ಷಣ ಸಮಾಧಾನಪಟ್ಟೆ. ಮರುಕ್ಷಣವೇ, ವಿಷಯವನ್ನು ಹೊಸಿಲಲ್ಲೇ ತಡೆದ ಗುರು ಸಬೂಲನಿಗಿಂತ ಎಷ್ಟು ಮೇಲು ಎಂಬ ಅನುಮಾನ ಬಂತು.

ಇತ್ತ ಉರ್ರಾಸಿನ ವಿದ್ವಾಂಸರು ಶೆವೆಕ್‌ನ ಕೆಲಸದ ಬೆಲೆಯನ್ನು ಅರಿತು ಸಿಯೋ ಓಯೆನ್ ಎಂಬ ದೊಡ್ಡ ಬಹುಮಾನವನ್ನು ಕೊಡುತ್ತಾರೆ. ತಲೆಮಾರುಗಳಿಂದ ಯಾರೂ ಮಾಡದ ಕೆಲಸವನ್ನು ಅವನು ಮಾಡುತ್ತಾನೆ. ಸ್ವಂತ ಜನರ ಕೋಪವನ್ನು ಕಟ್ಟಿಕೊಂಡು ಉರ್ರಾಸಿಗೆ ಹೋಗುತ್ತಾನೆ. ಅಲ್ಲಿ ಸತ್ಕಾರ ಅಪಾರ: ಒಳ್ಳೆಯ ಕೋಣೆ, ಒಳ್ಳೆಯ ಊಟ, ಸಮಾನ ಬುದ್ಧಿಯ ಸ್ನೇಹಿತರು, ಪ್ರತಿಭಾವಂತ ವಿದ್ಯಾರ್ಥಿಗಳು. ಸ್ವಲ್ಪ ಕಾಲವಾದ ಮೇಲೆ ಅವನಿಗೆ ಹೊಳೆಯುತ್ತದೆ: ಕೊಟ್ಟದ್ದು ಬಹುಮಾನವಲ್ಲ, ಮುಂಗಡ. ಅವನ ತಲೆಯಲ್ಲಿರುವ ಸಿದ್ಧಾಂತವನ್ನು ಕೊಳ್ಳುವುದಕ್ಕೆ ಒಂದು ರಾಜ್ಯ ತೆತ್ತ ಮುಂಗಡ. ಸಿದ್ಧಾಂತ ಪೂರ್ಣವಾದ ಮೇಲೆ ಅವನು ಆ ಸುಖದ ಕೋಣೆಯಿಂದ ತಪ್ಪಿಸಿಕೊಂಡು ಬಡವರ ಬೀದಿಗೆ ಹೋಗುತ್ತಾನೆ, ಅವರ ಮೆರವಣಿಗೆಯಲ್ಲಿ ಮಾತನಾಡುತ್ತಾನೆ, ಗುಂಡಿನ ಮಳೆಯನ್ನು ಕಾಣುತ್ತಾನೆ. ಕೊನೆಗೆ ಭೂಮಿಯ ರಾಯಭಾರಿಯ ಮೂಲಕ ತನ್ನ ಸಿದ್ಧಾಂತವನ್ನು ಯಾವುದೊಂದು ರಾಜ್ಯಕ್ಕೂ ಅಲ್ಲದೆ ಎಲ್ಲ ಲೋಕಗಳಿಗೂ ಏಕಕಾಲಕ್ಕೆ ಬಿಟ್ಟುಕೊಡುತ್ತಾನೆ. ಬರಿಗೈಯಲ್ಲಿ ಬಂದವನು ಬರಿಗೈಯಲ್ಲಿಯೇ ಊರಿಗೆ ಮರಳುತ್ತಾನೆ. ಹದಿಮೂರು ಅಧ್ಯಾಯಗಳ ಈ ಕೃತಿಯಲ್ಲಿ ಹೋಗುವ ದಾರಿಯ ಕಥೆಯೂ ಹುಟ್ಟೂರಿನ ಹಳೆಯ ಕಥೆಯೂ ಒಂದಾದ ಮೇಲೊಂದು ಹೆಣೆದುಕೊಂಡಿವೆ. ಲೇಖಕಿ ಯಾವ ಲೋಕವನ್ನೂ ಸ್ವರ್ಗವೆಂದು ಹೇಳುವುದಿಲ್ಲ. ದ್ವಂದ್ವಾರ್ಥದ ಆದರ್ಶಲೋಕ ಎಂಬ ಅರ್ಥದ ಉಪಶೀರ್ಷಿಕೆ ಪುಸ್ತಕದ ಜೊತೆಗೆ ನಿಂತದ್ದು ಉಚಿತವೇ ಆಗಿದೆ.

ಅದೇ ವರ್ಷ ‘ಗ್ಯಾಲಕ್ಸಿ’ ಪತ್ರಿಕೆಯ ಆಗಸ್ಟ್ ಸಂಚಿಕೆಯಲ್ಲಿ ಒಂದು ಸಣ್ಣಕತೆ ಬಂತು. ಹೆಸರಿನ ಅರ್ಥ ‘ಕ್ರಾಂತಿಯ ಹಿಂದಿನ ದಿನ’. ಕಾದಂಬರಿಯಲ್ಲಿ ಪ್ರತಿಮೆಯಾಗಿ, ಗ್ರಂಥವಾಗಿ, ಉದ್ಧರಣೆಯಾಗಿ ಮಾತ್ರ ಇರುವ ಓಡೋ ಇಲ್ಲಿ ಜೀವಂತವಾಗಿ ಬರುತ್ತಾಳೆ: ಎಪ್ಪತ್ತೆರಡರ ಮುದುಕಿ, ಗಂಡನನ್ನು ಕಳೆದುಕೊಂಡವಳು, ಪಾರ್ಶ್ವವಾಯು ಬಡಿದು ಅರ್ಧ ಸೋತವಳು. ಸುತ್ತಲಿನ ಎಳೆಯರು ಅವಳನ್ನು ಪೂಜಿಸುತ್ತಾರೆ, ನೋಡಲು ಸಾಲಾಗಿ ಬರುತ್ತಾರೆ. ಅವಳಿಗೋ ಬೇಸರ. ತಾನು ಬರೆದದ್ದನ್ನು ಇವರು ಬಾಯಿಪಾಠ ಮಾಡಿದ್ದಾರೆ, ಅರ್ಥಮಾಡಿಕೊಂಡಿದ್ದಾರೆಯೇ? ತಾನು ಮನುಷ್ಯಳೋ ಸ್ಮಾರಕವೋ? ನಾಳೆ ದೊಡ್ಡ ಚಳವಳಿ ಆರಂಭವಾಗಲಿದೆ ಎಂಬ ಸುದ್ದಿ ಬರುತ್ತದೆ, ಭಾಷಣಕ್ಕೆ ಕರೆಯುತ್ತಾರೆ, ನಾಳೆ ತಾನಿರುವುದಿಲ್ಲವೆಂಬ ಅರಿವಿನಲ್ಲಿ ಅವಳು ಮೆಟ್ಟಿಲು ಹತ್ತಿ ತನ್ನ ಕೋಣೆಗೆ ಹೋಗುತ್ತಾಳೆ. ಇಷ್ಟೇ ಕತೆ. ನಿವೃತ್ತಿಯ ದಿನ ನನಗೂ ಶಾಲು ಹೊದಿಸಿ, ಹಾರ ಹಾಕಿ, ನಾನು ಎಂದೂ ಹೇಳದ ಮಾತುಗಳನ್ನು ನನ್ನ ಬಾಯಲ್ಲಿಟ್ಟು ಹೊಗಳಿದರು. ಹೊಗಳಿದವರ ಪ್ರೀತಿ ನಿಜವೇ. ಆದರೆ ಆ ಹಾರದ ಕೆಳಗೆ ಕುಳಿತವನು ಬೇರೆ ಯಾರೋ ಎಂಬ ಭಾವನೆ ಬಂದದ್ದೂ ನಿಜ. ಓಡೋಳ ಬೇಸರ ಏನೆಂದು ನನಗೆ ತಿಳಿಸಿಕೊಡಬೇಕಾದುದೇ ಇರಲಿಲ್ಲ. 1972ರಲ್ಲಿ ತೀರಿಕೊಂಡ ಚಿಂತಕ ಪಾಲ್ ಗುಡ್‌ಮನ್ ಅವರ ನೆನಪಿಗೆ ಈ ಕತೆ ಅರ್ಪಿತವಾಗಿದೆ.

ಆ ವರ್ಷದ ಉಳಿದ ಫಲಗಳನ್ನು ಬೇಗ ಎಣಿಸುತ್ತೇನೆ. 1974ರಲ್ಲಿಯೇ ಬಂದ ಇನ್ನೊಂದು ಕತೆ ಪಂಡಿತರ ಸಂಶೋಧನ ಪತ್ರಿಕೆಯ ಅಣಕ: ಇರುವೆಯೊಂದು ಬೀಜಗಳ ಮೇಲೆ ಬರೆದಿಟ್ಟ ಬರಹವನ್ನು ವಿದ್ವಾಂಸರು ಓದಿ ಅರ್ಥೈಸುತ್ತಾರೆ, ಪೆಂಗ್ವಿನ್ ಹಕ್ಕಿಗಳ ಕಾವ್ಯ, ಗಿಡಗಳ ಕಾವ್ಯ, ಕಡೆಗೆ ಕಲ್ಲಿನ ಕಾವ್ಯದವರೆಗೆ ಅವರ ಹಂಬಲ ಚಾಚುತ್ತದೆ. ಶಾಸನ ಪಾಠಗಳ ಜಗಳ ಕಂಡವರು ನಗದೆ ಇರಲಾರರು. ನಕ್ಕ ಮೇಲೆ, ನಾವು ಎಷ್ಟು ಭಾಷೆಗಳಿಗೆ ಕಿವುಡರಾಗಿದ್ದೇವೆ ಎಂದು ಯೋಚಿಸದೆಯೂ ಇರಲಾರರು. 1974ರ ನವೆಂಬರಿನಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಮಕ್ಕಳ ಸಾಹಿತ್ಯ ಕುರಿತು ಉಪನ್ಯಾಸ ಮಾಡಿದರು. 1975ರಲ್ಲಿ ಹದಿನೇಳು ಕತೆಗಳ ಸಂಕಲನ ‘ದಿ ವಿಂಡ್ಸ್ ಟ್ವೆಲ್ವ್ ಕ್ವಾರ್ಟರ್ಸ್’ ಹೊರಬಂತು. ಮೊದಲು ಹಣ ತಂದ ಕತೆಯಿಂದ ಓಡೋಳ ಕತೆಯವರೆಗೆ ಹನ್ನೆರಡು ವರ್ಷಗಳ ದುಡಿಮೆ ಅದರಲ್ಲಿದೆ. ಬೇರಿನ ಕೆಲಸ ಎಂದೆನಲ್ಲ, ಅದನ್ನು ನೋಡಬೇಕೆನ್ನುವವರು ಈ ಸಂಕಲನವನ್ನು ಓದಬೇಕು.

ಬಹುಮಾನಗಳ ಮಳೆ ಮೊದಲಾದದ್ದು ಹಿಂದಿನ ವರ್ಷದ ಒಂದು ಪುಟ್ಟ ಕತೆಯಿಂದ. 1973ರಲ್ಲಿ ಪ್ರಕಟವಾದ ‘ಓಮೆಲಾಸ್ ತೊರೆದು ನಡೆದವರು’ ಎಂಬ ಅರ್ಥದ ಕತೆಗೆ 1974ರ ಸಮ್ಮೇಳನದಲ್ಲಿ ಹ್ಯೂಗೋ ದೊರೆಯಿತು. ಓಮೆಲಾಸ್ ಸುಖದ ಊರು. ಆ ಸುಖಕ್ಕೆ ಆಧಾರ ನೆಲಮಾಳಿಗೆಯಲ್ಲಿ ನರಳುವ ಒಂದು ಮಗು. ವಿಷಯ ತಿಳಿದೂ ಬಹುಮಂದಿ ಉಳಿಯುತ್ತಾರೆ. ಕೆಲವರು ಮಾತಿಲ್ಲದೆ ಊರು ಬಿಟ್ಟು ನಡೆಯುತ್ತಾರೆ. ಆ ಹೆಸರು ಹುಟ್ಟಿದ್ದು ಆರೆಗಾನಿನ ಸೇಲಂ ಎಂಬ ಊರಿನ ಫಲಕವನ್ನು ಹಿಂದುಮುಂದಾಗಿ ಓದಿದ್ದರಿಂದ. ಓಡೋ ಓಮೆಲಾಸನ್ನು ತೊರೆದು ನಡೆದವರಲ್ಲಿ ಒಬ್ಬಳು ಎಂದು ಲೇಖಕಿಯೇ ಸಂಕಲನದಲ್ಲಿ ಹೇಳಿದ್ದಾರೆ. ಹೀಗೆ ಈ ಮೂರು ಕೃತಿಗಳೂ ಒಂದೇ ಪ್ರಶ್ನೆಯ ಸಂತಾನ: ಪರರ ದುಃಖದ ಮೇಲೆ ನಿಂತ ಸುಖವನ್ನು ತೊರೆದವರು ಎಲ್ಲಿಗೆ ಹೋಗುತ್ತಾರೆ, ಹೋಗಿ ಏನನ್ನು ಕಟ್ಟುತ್ತಾರೆ?

1975ರಲ್ಲಿ ಲೇಖಕರ ಸಂಘವು ಕಾದಂಬರಿಗೂ ಓಡೋಳ ಕತೆಗೂ ನೆಬ್ಯುಲಾ ಕೊಟ್ಟಿತು. ಲೋಕಸ್ ಓದುಗರೂ ಎರಡನ್ನೂ ಆರಿಸಿದರು. ಆಗಸ್ಟ್ ತಿಂಗಳಲ್ಲಿ ವಿಶ್ವ ಸಮ್ಮೇಳನ ಮೊದಲ ಬಾರಿಗೆ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಸೇರಿತು. ಲ ಗ್ವಿನ್ ಅದರ ಗೌರವಾತಿಥಿ. ಅಲ್ಲಿ ಕಾದಂಬರಿಗೆ ಹ್ಯೂಗೋ ಬಂತು. ಒಂದೇ ಕಾದಂಬರಿಗೆ ಹ್ಯೂಗೋ ನೆಬ್ಯುಲಾಗಳೆರಡನ್ನೂ ಪಡೆಯುವ ಗೌರವವನ್ನು ಎರಡು ಸಲ ಗಳಿಸಿದ ಮೊದಲ ಲೇಖಕರು ಅವರೇ. ಆದರೆ ಅದೇ ಸಮ್ಮೇಳನದಲ್ಲಿ ಓಡೋಳ ಕತೆ ಸೋತಿತು. ಸಣ್ಣಕತೆಯ ಹ್ಯೂಗೋ ಲ್ಯಾರಿ ನಿವೆನ್ ಅವರ ‘ದಿ ಹೋಲ್ ಮ್ಯಾನ್’ ಕತೆಯ ಪಾಲಾಯಿತು. ಆ ಕತೆ ಮಂಗಳಗ್ರಹದಲ್ಲಿ ಸಿಕ್ಕ ಸೂಕ್ಷ್ಮ ಕೃಷ್ಣರಂಧ್ರದ ಸುತ್ತ ಹೆಣೆದ ಚತುರ ವಿಜ್ಞಾನಕತೆ. ಮುದುಕಿಯೊಬ್ಬಳ ಒಂದು ದಿನವನ್ನು ಬರಹಗಾರರು ಮೆಚ್ಚಿದರು. ಸಮ್ಮೇಳನದವರು ರಂಧ್ರವನ್ನು ಮೆಚ್ಚಿದರು. ಇದರಲ್ಲಿ ಅನ್ಯಾಯವೇನೂ ಇಲ್ಲ. ಸಹೃದಯ ಎಂಬುದು ಏಕವಚನವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ?

ಮೆಲ್ಬರ್ನಿನ ವಿಚಾರದಲ್ಲಿ ರಾಕೆಟ್ಟಿನ ಪ್ರತಿಮೆಗಿಂತ ನನಗೆ ಹೆಚ್ಚಾಗಿ ಕಂಡದ್ದು ಇನ್ನೊಂದು. ಸಮ್ಮೇಳನಕ್ಕೆ ಮೊದಲು ಅವರು ಊರ ಹೊರಗಿನ ಬೆಟ್ಟಪ್ರದೇಶದಲ್ಲಿ ಹೊಸ ಬರಹಗಾರರ ಜೊತೆ ಒಂದು ವಾರ ಕುಳಿತು ಕಮ್ಮಟ ನಡೆಸಿದರು. ಒಬ್ಬರು ಬರೆದದ್ದನ್ನು ಎಲ್ಲರೂ ಓದಿ ಎಲ್ಲರೂ ಮಾತನಾಡುವ ಪದ್ಧತಿ. ಅಲ್ಲಿ ಹುಟ್ಟಿದ ಬರಹಗಳು ಮರುವರ್ಷ ಪುಸ್ತಕವಾದವು. ಬಹುಮಾನ ಕೊಳ್ಳಲು ಬಂದವರು ಕೈಯಲ್ಲಿದ್ದುದನ್ನು ಹಂಚಿ ಹೋದರು. ಅದೇ ವರ್ಷದ ನವೆಂಬರಿನಲ್ಲಿ ‘ಸೈನ್ಸ್ ಫಿಕ್ಷನ್ ಸ್ಟಡೀಸ್’ ಎಂಬ ವಿದ್ವತ್ಪತ್ರಿಕೆ ಅವರ ಕೃತಿಗಳಿಗಾಗಿಯೇ ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು. ಓದುಗರು, ಲೇಖಕರು, ಪಂಡಿತರು ಹೀಗೆ ಮೂರು ಬಾಗಿಲುಗಳೂ ತೆರೆದವು.

ಪುಸ್ತಕದಲ್ಲಿ ಶೆವೆಕ್ ಹೇಳಿದ್ದನ್ನು ಲೇಖಕಿ ಬಾಳಿದರೇ ಎಂದು ತಾವು ಕೇಳಬಹುದು. ಉತ್ತರಕ್ಕೆ ಎರಡು ವರ್ಷ ಮಾತ್ರ ಕಾಯಬೇಕಾಯಿತು. ಪೋಲೆಂಡಿನ ಪ್ರಸಿದ್ಧ ಲೇಖಕ ಸ್ಟಾನಿಸ್ಲಾವ್ ಲೆಮ್ ಅವರಿಗೆ ಅದೇ ಲೇಖಕರ ಸಂಘ ಗೌರವ ಸದಸ್ಯತ್ವ ಕೊಟ್ಟಿತ್ತು. ಅವರು ಅಮೆರಿಕದ ವಿಜ್ಞಾನಕತೆಗಳನ್ನು ಕಟುವಾಗಿ ವಿಮರ್ಶಿಸಿದ ಮೇಲೆ 1976ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಆ ಹೊತ್ತಿಗೆ ಲ ಗ್ವಿನ್ ಅವರ ‘ದಿ ಡೈರಿ ಆಫ್ ದ ರೋಸ್’ ಎಂಬ ನೀಳ್ಗತೆ ನೆಬ್ಯುಲಾ ಸ್ಪರ್ಧೆಯಲ್ಲಿತ್ತು. ವೈದ್ಯವನ್ನು ರಾಜಕೀಯ ದಮನಕ್ಕೆ ಬಳಸುವ ರಾಜ್ಯವೊಂದರ ಕಥೆ ಅದು. ಭಿನ್ನಮತವನ್ನು ಸಹಿಸದ ನಡೆಯನ್ನು ಖಂಡಿಸುವ ಕತೆಗೆ, ಭಿನ್ನಮತವನ್ನು ಸಹಿಸದ ಸಂಘದ ಕೈಯಿಂದ ಬಹುಮಾನ ಪಡೆಯುವುದು ಹೇಗೆ? ಅವರು ಕತೆಯನ್ನು ಹಿಂದಕ್ಕೆ ಪಡೆದರು. ಗೆದ್ದದ್ದು ಅದೇ ಕತೆ, ದಯವಿಟ್ಟು ಬಿಡಿ ಎಂದು ಸಂಘದವರು ಬೇಡಿಕೊಂಡರೆಂದು ಅವರೇ ಮುಂದೆ ಬರೆದಿದ್ದಾರೆ. ಬಹುಮಾನ ಐಸಾಕ್ ಅಸಿಮೋವ್ ಅವರ ‘ದಿ ಬೈಸೆಂಟೆನಿಯಲ್ ಮ್ಯಾನ್’ ಕತೆಗೆ ಹೋಯಿತು. ಗಮನಿಸಬೇಕಾದುದೇನೆಂದರೆ, ಅವರು ಬಹುಮಾನಗಳನ್ನೆಲ್ಲ ಧಿಕ್ಕರಿಸಿದವರಲ್ಲ. ಮುಂದೆಯೂ ಎಷ್ಟೋ ಬಹುಮಾನಗಳನ್ನು ಸಂತೋಷದಿಂದಲೇ ಸ್ವೀಕರಿಸಿದರು. ಪ್ರೀತಿಯಿಂದ ಬಂದುದನ್ನು ತೆಗೆದುಕೊಳ್ಳುವುದಕ್ಕೂ ಬೆಲೆಯಾಗಿ ಬಂದುದನ್ನು ಬಿಡುವುದಕ್ಕೂ ಬೇಕಾದ ವಿವೇಕ ಅವರಲ್ಲಿತ್ತು. ಬಹುಮಾನ ಉಡುಗೊರೆಯಾಗಿದ್ದಷ್ಟು ಹೊತ್ತು ಅದಕ್ಕೆ ಮರ್ಯಾದೆ. ಕೊಟ್ಟವರು ಕೊಂಡವರಾಗಲು ಹೊರಟ ಕ್ಷಣ ಅದು ಮುಂಗಡವಾಗುತ್ತದೆ. ಶೆವೆಕ್ ಇದನ್ನು ಕಂಡುಕೊಳ್ಳಲು ಲೋಕದಿಂದ ಲೋಕಕ್ಕೆ ಹೋಗಬೇಕಾಯಿತು.

2014ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಫೌಂಡೇಶನ್ ಜೀವಮಾನದ ಸಾಧನೆಗಾಗಿ ಪದಕ ಕೊಟ್ಟಾಗ ಎಂಬತ್ತೈದರ ಅವರು ವೇದಿಕೆಯ ಮೇಲೆ ಅದನ್ನು, ಸಾಹಿತ್ಯದ ಪಂಕ್ತಿಯಿಂದ ಬಹುಕಾಲ ಹೊರಗೆ ಕುಳಿತಿದ್ದ ತಮ್ಮ ಸಹಲೇಖಕರೆಲ್ಲರೊಡನೆ ಹಂಚಿಕೊಳ್ಳುವುದಾಗಿ ಹೇಳಿದರು. ಪುಸ್ತಕವನ್ನು ಬರಿಯ ಸರಕೆಂದು ಕಾಣುವ ವ್ಯಾಪಾರಬುದ್ಧಿಯನ್ನು, ಪ್ರಕಾಶಕರು ತುಂಬಿದ ಆ ಸಭೆಯಲ್ಲಿಯೇ ಟೀಕಿಸಿದರು. 2018ರ ಜನವರಿ 22ರಂದು ಪೋರ್ಟ್‌ಲ್ಯಾಂಡಿನಲ್ಲಿ ತೀರಿಕೊಂಡರು. 2021ರಲ್ಲಿ ಅವರ ದೇಶ ಅವರ ಮುಖವನ್ನು ಅಂಚೆಚೀಟಿಯ ಮೇಲೆ ಅಚ್ಚುಹಾಕಿತು. ಓಡೋ ಕಂಡಿದ್ದರೆ ನಗುತ್ತಿದ್ದಳೇನೋ. ಈಗ ಅವರ ಹೆಸರಿನಲ್ಲಿಯೇ ಒಂದು ಬಹುಮಾನವಿದೆ. 2022ರಲ್ಲಿ ಮೊದಲ ಸಲ ಅದನ್ನು ಪಡೆದವರು ಕೆನ್ಯಾದ ಖದೀಜಾ ಅಬ್ದಲ್ಲಾ ಬಾಜಾಬರ್. ಪಡೆದುದು ಹೀಗೆ ಮುಂದಿನ ಕೈಗೆ ದಾಟುತ್ತ ಹೋದರೆ, ಅದಕ್ಕಿಂತ ಹೆಚ್ಚಿನದನ್ನು ಯಾವ ಬಹುಮಾನದಿಂದಲೂ ಬಯಸಲಾಗದು.

ನನ್ನ ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ತಿಳಿಯದು. ಇಂದಿನ ಭಾಷಣ ಅವನ ಕಿವಿಗೆ ಬೀಳುವುದೋ ಇಲ್ಲವೋ ಅದೂ ತಿಳಿಯದು. ಬಿದ್ದರೆ, ಅವನು ಅಂದು ಆರಿಸಿಕೊಂಡಿದ್ದ ವಿಷಯ ಸರಿಯಾಗಿಯೇ 있ತ್ತು ಎಂದು ಹೇಳಬೇಕಾಗಿದೆ. ಗೋಡೆ ಕಟ್ಟಿದ್ದು ನಾನು. ಅದು ದಾಟಲಾರದಷ್ಟು ಎತ್ತರವೇನೂ ಆಗಿರಲಿಲ್ಲ ಎಂಬುದಷ್ಟೇ ನನಗೆ ಉಳಿದಿರುವ ಸಮಾಧಾನ.